ತೂಕದ ಚೀಟಿಯ ಹಿಂಬದಿ

ಜವರಯ್ಯ, ಗಾಡಿ ತೆಗೀಬೇಡ, ಒಂದು ನಿಮಿಷ.
ಆಲೂಗಡ್ಡೆ ಹದಿನಾರು ಟನ್ನು, ಮೇಲೆ ನಾನೂರ ಇಪ್ಪತ್ತು ಕೇಜಿ.
ಅದು ಸರಿ ಇದೆ.
ನಿನ್ನ ಕೈ ಸರಿ ಇಲ್ಲ.
ಕೆಳಗಿಳಿದು ನಿಂತ ಮೇಲೂ ಸ್ಟೇರಿಂಗ್ ಹಿಡಿದ ಹಾಗೇ ಇದೆ.

ಶಿರಾಡಿ ಘಾಟಿಯ ಆ ರಾತ್ರಿ ಆದಮೇಲೆ
ನೀನು ಹಾರನ್ ಹೊಡೆಯೋದನ್ನೇ ಬಿಟ್ಟಿದೀಯ ಅಂತ
ಯಾರ್ಡಿನ ಹಮಾಲರೆಲ್ಲ ಆಡ್ಕೋತಾರೆ.
ನಾನು ಆಡ್ಕೋತಿಲ್ಲ. ಚೀಟಿ ತಿರುಗಿಸಿ ನೋಡು.

ಸಂತೆಪೇಟೆ. ಕನ್ನಡಕದ ಅಂಗಡಿ ಪಕ್ಕ ಕಿರಿದಾದ ಮೆಟ್ಟಿಲು,
ಹದಿನೇಳು. ಹನ್ನೊಂದನೇದು ಮುರಿದಿದೆ, ನೋಡ್ಕೊಂಡು ಹತ್ತು.
ಮೇಲೆ ತಸ್ನೀಮ್ ಮೇಡಂ ಇರ್ತಾರೆ.
ಗುಳಿಗೆ ಬರೆಯಲ್ಲ. ಬೇಕು ಅನ್ಸಿದ್ರೆ
ಬರೆಯೋರ ಹತ್ರ ಕಳಿಸ್ತಾರೆ,
ಆವಾಗ ಹುಚ್ಚು ಹಿಡೀತು ಅಂತ ಮುಖ ಸಣ್ಣ ಮಾಡ್ಕೋಬೇಡ.
ದೇವರು ಮೈಮೇಲೆ ಬರೋ ಅಮ್ಮನೂ ಅಲ್ಲ,
ನೀನು ಬಾಯಿಬಿಡದೆ ಅವರಿಗೆ ಏನೂ ಗೊತ್ತಾಗಲ್ಲ.

ಮೊದಲು ನಾನೇನಂದ್ಕೊಂಡಿದ್ದೆ ಗೊತ್ತ?
ಲೋಡು ಇಳಿಸ್ತಾರೆ ಅಂತ.
ಊರು, ನಿದ್ದೆ, ಊಟ, ಮನೇಲಿ ಯಾರ್ಯಾರಿದಾರೆ,
ಬರೀ ಕೇಳಿದ್ರು, ಬರ್ಕೊಂಡ್ರು.
ಐವತ್ತು ನಿಮಿಷ ಆಯ್ತು, ಎದ್ದು ನಿಂತ್ರು.
ಆರುನೂರು ರೂಪಾಯಿ ಕೊಟ್ಟು ಇಳಿದಾಗ
ಹತ್ತಿದ್ದಕ್ಕಿಂತ ಭಾರ ಆಗಿದ್ದೆ.
ಬಸ್ ಸ್ಟ್ಯಾಂಡಿನ ನಲ್ಲೀಲಿ ಮುಖ ತೊಳ್ಕೊಂಡು
ಇನ್ನು ಈ ಕಡೆ ತಲೆ ಹಾಕಿಯೂ ಮಲಗಲ್ಲ ಅಂದ್ಕೊಂಡೆ.
ಮುಂದಿನ ಬುಧವಾರ ಕಾಲು ತಾನೇ ಹತ್ತಿತು.

ಇದನ್ನ ನನಗೆ ಯಾರೂ ಹೇಳಿರ್ಲಿಲ್ಲ, ಅದಕ್ಕೇ ಹೇಳ್ತಿದೀನಿ:
ಕೆದಕಿದ ವಾರ ಗಾಯ ಇನ್ನೂ ಉರೀತದೆ.
ಉರಿದ್ರೆ ಅವರಿಗೇ ಹೇಳು. ಅವರ ಮೇಲೇ ಸಿಟ್ಟು ಬಂದ್ರೂ
ಅವರಿಗೇ ಹೇಳು. ಒಗ್ಗಲಿಲ್ಲ ಅಂದ್ರೆ
ಇನ್ನೊಬ್ಬರ ಹೆಸರು ಕೇಳು, ಕೊಡ್ತಾರೆ.

ಸುಳ್ಳು ಹೇಳ್ಬಹುದಾ ಅಂತೀಯ?
ನಾನು ಎರಡು ತಿಂಗಳು ಹೇಳಿದೆ.
ಖಾಲಿ ಗಾಡಿ ತೂಗುವಾಗ ಕ್ಯಾಬಿನ್ನಿನಲ್ಲಿ
ಕಂಬಳಿ ಹೊದ್ದು ಕ್ಲೀನರ್ ಮಲಗಿರ್ತಾನಲ್ಲ, ಹಾಗೆ.
ಅವರಿಗೂ ಗೊತ್ತಿತ್ತೇನೋ.
ಅವನು ತಾನೇ ಎದ್ದು ಬರೋವರೆಗೆ ಕಾದ್ರು.

ಅಲ್ಲಿ ಆಡಿದ್ದು ಅಲ್ಲೇ. ನಿನ್ನ ಹೆಂಡತಿ ಫೋನ್ ಮಾಡಿದ್ರೂ,
ಮಾಲೀಕ ಧರ್ಮಣ್ಣ ಹೋಗಿ ನಿಂತ್ರೂ,
ನೀನು ಬಂದಿದ್ದೆಯಾ ಅನ್ನೋದನ್ನೂ ಹೇಳಲ್ಲ.
ಆದ್ರೆ ಪ್ರಾಣದ ಮಾತು ಬಂದ್ರೆ,
ನಿನ್ನದಾಗ್ಲಿ ಇನ್ನೊಬ್ಬರದಾಗ್ಲಿ,
ಸುಮ್ನೆ ಕೂರಲ್ಲ. ಅದನ್ನ ಮೊದಲ ದಿನವೇ ಮುಖಕ್ಕೆ ಹೇಳ್ತಾರೆ.
ಕೇಳಿ ನನಗೆ ಹೆದರಿಕೆ ಆಗಲಿಲ್ಲ, ವಿಚಿತ್ರ.
ಇಳಿಜಾರಲ್ಲಿ ಯಾರೋ ಹಿಂದಿನ ಚಕ್ರಕ್ಕೆ
ಕಲ್ಲು ಕೊಟ್ಟ ಹಾಗಾಯ್ತು.

ಒಂದ್ಸಲ ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ಎದುರಿಗೇ ಸಿಕ್ರು,
ಕೈಯಲ್ಲಿ ಸಬ್ಬಸಿಗೆ ಸೊಪ್ಪು.
ಗುರುತೇ ಇಲ್ಲದೋರ ಹಾಗೆ ಹೋದ್ರು.
ರಾತ್ರಿಯೆಲ್ಲ ಕುದ್ದೆ.
ಬುಧವಾರ ಕೇಳೇಬಿಟ್ಟೆ.
"ನೀವು ನಕ್ರೆ ನಾನೂ ನಗ್ತೀನಿ,
ಮೊದಲು ನಗೋದು ಬಿಡೋದು ನಿಮ್ಮ ಹಕ್ಕು" ಅಂದ್ರು.
ಹಕ್ಕು.
ಹನ್ನೆರಡು ವರ್ಷ ಈ ವೇಬ್ರಿಡ್ಜ್ ಕಾಯ್ದೋಳಿಗೆ
ಯಾರೂ ಆ ಮಾತು ಆಡಿರ್ಲಿಲ್ಲ.

ನನ್ನದೇನಾಗಿತ್ತು ಅಂತ ಕೇಳ್ಬೇಡ.
ಅದು ಆ ಕೋಣೇಲಿದೆ.

ಹೋಗೋದಾದ್ರೆ ಮೊದಲೇ ಫೋನ್ ಮಾಡು.
ಟ್ರಿಪ್ ಬಿದ್ರೆ ಹಿಂದಿನ ದಿನವೇ ತಿಳಿಸು,
ಇಲ್ಲದಿದ್ರೆ ಅರ್ಧ ದುಡ್ಡು ಹಿಡೀತಾರೆ, ಜಗಳ ಆಡ್ಬೇಡ.
ಎಷ್ಟು ವಾರ ಅಂತ ನನ್ನನ್ನ ಕೇಳ್ಬೇಡ,
ಮಂಗಳೂರು ಎಷ್ಟು ಗಂಟೆ ಅಂದ್ರೆ ನೀನೇನಂತೀಯ?
ರೋಡು ನೋಡ್ಬೇಕು ಅಂತೀಯ ತಾನೆ.

ಮತ್ತೆ, ಆ ಹುಡುಗನ ಚಪ್ಪಲಿ ವಿಷಯ
ಮೊದಲ ದಿನವೇ ಹೇಳ್ಲೇಬೇಕು ಅಂತಿಲ್ಲ.
ಹೌದು, ನಿದ್ದೇಲಿ ಅಂತೀಯ. ಕ್ಲೀನರ್ ಹೇಳಿದ.
ಅಳೋದೂ ಕಡ್ಡಾಯ ಇಲ್ಲ.

ಹಿಂದೆ ಬೇಲೂರಿನ ಗಾಡಿ ಹಾರನ್ ಹೊಡೀತಿದೆ.
ಹೋಗು, ಇಳಿಸಿ ಬಾ, ಖಾಲಿ ತೂಕ ಹಾಕ್ಬೇಕು.
ಆ ಚೀಟಿ ನಿನ್ನ ಹತ್ರಾನೇ ಇರ್ಲಿ.
ಲೆಕ್ಕಕ್ಕೆ ಇನ್ನೊಂದು ಹರೀತೀನಿ.